ಉಡಿದಾರದ ಅಳತೆ

ಕಳೆದ ತಿಂಗಳು ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ನಾನು ಮಾಡಿ ಬಿಟ್ಟ ಕೆಲಸಕ್ಕೇ ಹೊಸದಾಗಿ ಸೇರಿದ್ದಾಳೆ. ಉಟ್ಟ ಬಿಳಿ ಸೀರೆ ಇನ್ನೂ ಗಂಜಿ ಬಿಟ್ಟಿರಲಿಲ್ಲ. ಕಾಫಿ ಕುಡಿದು, ಹಳ್ಳಿಗಳಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಮುಖ್ಯವಾಗಿ ಏನು ನೆನಪಿಡಬೇಕು ಎಂದು ಕೇಳಿದಳು. ನೀರು ಕಾಯಿಸಿ ಕುಡಿಸಿ, ಕೈ ತೊಳೆದು ಉಣಿಸಿ ಅಂತ ನಾಲ್ಕು ಮಾತು ಹೇಳಿ ಕಳಿಸಿದೆ. ಅವಳು ಬೀದಿಯ ತಿರುವು ದಾಟುವಷ್ಟರಲ್ಲೇ ನನಗೆ ನಾಚಿಕೆಯಾಯಿತು. ನಾನು ಹೇಳಿದ್ದೆಲ್ಲ ಅವಳ ಪುಸ್ತಕದಲ್ಲೇ ಇತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಬೇಕಾದರೆ ನನ್ನ ತಪ್ಪುಗಳನ್ನು ಹೇಳಬೇಕು, ಅದಕ್ಕೆ ಒಂದು ಲೋಟ ಕಾಫಿಯ ಹೊತ್ತು ಸಾಲದು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಮಿಡ್‌ವೈಫ್ ಆಗಿದ್ದವಳು. ಹತ್ತೊಂಬತ್ತಕ್ಕೆ ಕುಂಕುಮ ಅಳಿಸಿಕೊಂಡು ತವರಿಗೆ ಬಂದಾಗ ಅಣ್ಣ ಊರವರ ಮಾತಿಗೆ ಕಿವಿಗೊಡದೆ ಬೆಂಗಳೂರಿಗೆ ಕಳಿಸಿ ಕಲಿಸಿದ. ಮಹಾರಾಜರ ಸರ್ಕಾರ ಕೆಲಸ ಕೊಟ್ಟಿತು. ತರೀಕೆರೆ, ಕಡೂರು, ಅಜ್ಜಂಪುರ ಅಂತ ಇಷ್ಟರಲ್ಲೇ ಸುತ್ತಿ ತಲೆ ನರೆಸಿಕೊಂಡೆ. ಹೆರಿಗೆ ಮಾಡಿಸುವುದು ನನ್ನ ಕೆಲಸ ಎಂದು ಹುಕುಂನಲ್ಲಿತ್ತು. ಆದರೆ ಹೊಕ್ಕುಳಬಳ್ಳಿ ನಾನೇ ಕತ್ತರಿಸಿದ ಕೂಸು ಮೂರು ವರ್ಷಕ್ಕೆ ಭೇದಿಗೋ, ಚಳಿಜ್ವರಕ್ಕೋ, ಬಾವಿಗೋ ಹೋಯಿತೆಂದು ಎಷ್ಟೋ ಸಲ ಕೇಳಿದೆ. ಹೆರುವುದಕ್ಕಿಂತ ಉಳಿಸಿಕೊಳ್ಳುವುದೇ ದೊಡ್ಡದು ಅಂತ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಮಗು ಸ್ಲೇಟು ಹಿಡಿಯುವ ತನಕ ನನ್ನದೇ ಅಂದುಕೊಂಡು ಓಡಾಡಿದೆ. ಬಡ್ತಿಯ ಮಾತು ಬಿಡಿ. ಎರಡು ಸಲ ಸಿಕ್ಕಿತು, ಎರಡು ಸಲವೂ ಹೆಚ್ಚಾದದ್ದು ಬರೆಯುವ ಕೆಲಸ.

ಮೊದಲ ಪೆಟ್ಟು ಬಿದ್ದದ್ದು ತರೀಕೆರೆಯಲ್ಲಿ. ನಾಲ್ಕು ವರ್ಷದ ಹುಡುಗನೊಬ್ಬ ಮೂಗಿನಲ್ಲಿ ಅವರೆಕಾಳು ತುರುಕಿಕೊಂಡಿದ್ದ. ಡಾಕ್ಟರು ಊರಲ್ಲಿರಲಿಲ್ಲ. ಬೆಂಗಳೂರಲ್ಲಿ ಕಲಿತವಳಲ್ಲವೇ ನಾನು, ಚಿಮಟ ತೆಗೆದುಕೊಂಡು ಕೂತೆ. ಕಾಳು ನೆನೆದು ಊದಿ ನುಣ್ಣಗಾಗಿತ್ತು. ನಾನು ಹಿಡಿದಷ್ಟೂ ಅದು ಒಳಕ್ಕೆ ಜಾರಿತು. ಹುಡುಗ ಕೂಗಿದ, ಅವರಮ್ಮ ಕೂಗಿದಳು, ನನಗೂ ಕೂಗಬೇಕು ಅನ್ನಿಸಿತು. ಬಾಗಿಲಲ್ಲಿ ಕೂತಿದ್ದ ಮುದುಕನೊಬ್ಬ ಎದ್ದು ಬಂದು, ನನ್ನನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿ, ತನ್ನ ನಶ್ಯದ ಡಬ್ಬಿ ತೆಗೆದು ಹುಡುಗನ ಇನ್ನೊಂದು ಹೊಳ್ಳೆಗೆ ಚಿಟಿಕೆ ಹಿಡಿದ. ಹುಡುಗ ಸೀನಿದ ರಭಸಕ್ಕೆ ಕಾಳು ನನ್ನ ಬಿಳಿ ಸೀರೆಯ ಮೇಲೇ ಬಂದು ಬಿತ್ತು. ಮುದುಕ ಡಬ್ಬಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಕೂತ. ಮಕ್ಕಳಿಗೆಲ್ಲ ನಶ್ಯ ಹಾಕಿ ಅಂತ ನಾನು ಹೇಳುತ್ತಿಲ್ಲ. ಕೈಗೆ ಚಿಮಟ ಬಂದ ಕೂಡಲೇ ಬುದ್ಧಿ ಬರುವುದಿಲ್ಲ ಅನ್ನುವುದನ್ನು ಮಾತ್ರ ಅವತ್ತು ಕಲಿತೆ.

ಎರಡನೆಯದು ಕಡೂರು ಸೀಮೆಯ ಹಿರೇನಲ್ಲೂರಿನ ಕಡೆ. ಅಲ್ಲಿನ ಹೆಂಗಸರು ನೀರಿಗೆ ಹೋಗುವಾಗ ತೆವಳುವ, ತಪ್ಪುಹೆಜ್ಜೆ ಇಡುವ ಮಕ್ಕಳ ಸೊಂಟಕ್ಕೆ ಹಳೆ ಸೀರೆಯ ಅಂಚು ಕಟ್ಟಿ ನಡುಮನೆಯ ಕಂಬಕ್ಕೆ ಬಿಗಿದು ಹೋಗುತ್ತಿದ್ದರು. ಮೇಲಿನವರೊಬ್ಬರು ತಪಾಸಣೆಗೆ ಬಂದರು, ಹೆಂಗಸೇ, ಬಹಳ ಒಳ್ಳೆಯವರು. ಕೂಸನ್ನು ಕರುವಿನಂತೆ ಕಟ್ಟಿದ್ದು ನೋಡಿ ಅವರ ಕಣ್ಣಲ್ಲಿ ನೀರು ಬಂತು. ಇನ್ನು ಮುಂದೆ ಯಾರೂ ಕಟ್ಟಕೂಡದು ಎಂದು ಮನೆಮನೆಗೂ ಹೇಳಲು ನನಗೆ ಅಪ್ಪಣೆಯಾಯಿತು. ನಾನು ಚಾಚೂ ತಪ್ಪದೆ ಹೇಳಿ ಬಂದೆ. ಹದಿನೈದು ದಿನದಲ್ಲಿ ಒಂದು ಕೂಸು ಒಲೆಯ ಕೆಂಡಕ್ಕೆ ಕೈ ಹಾಕಿತು. ದೇವರ ದಯೆ, ಅಂಗೈ ಮಾತ್ರ ಸುಟ್ಟಿತ್ತು. ಔಷಧಿ ಹಚ್ಚಲು ಹೋದಾಗ ಅದರ ತಾಯಿ ನನ್ನನ್ನು ಬೈಯಲಿಲ್ಲ. ತಾನು ಕಟ್ಟುತ್ತಿದ್ದ ಸೀರೆಯಂಚನ್ನು ತಂದು ಎದುರಿಗೆ ಹಿಡಿದು ತೋರಿಸಿದಳು. ಅದು ಒಲೆಗೆ ಇನ್ನೂ ಒಂದು ಮೊಳ ದೂರ ಇರುವಂತೆ, ಹೊಸ್ತಿಲಿಗೆ ಎರಡು ಮೊಳ ದೂರ ಇರುವಂತೆ, ನೀರಿನ ಚೆಂಬಿಗೆ ಮಾತ್ರ ಕೈ ಎಟುಕುವಂತೆ ಅಳೆದು ಕತ್ತರಿಸಿದ್ದ ಅಂಚು. ಗಂಟು ಬೆನ್ನಿನ ಕಡೆ. ಮಾರನೆಯ ದಿನದಿಂದ ನಾನು ಕಟ್ಟಬೇಡಿ ಎನ್ನುವುದನ್ನು ಬಿಟ್ಟೆ. ಅಂಚು ಎಷ್ಟುದ್ದ, ಗಂಟು ಎಲ್ಲಿ ಎಂದು ನೋಡತೊಡಗಿದೆ, ಪಕ್ಕದ ಮನೆಯ ಮುದುಕಿಯರನ್ನು ಕಾವಲಿಗೆ ಕೂರಿಸತೊಡಗಿದೆ. ಮೇಲಿನವರು ಮತ್ತೆ ಬಂದಾಗ ಆ ಅಂಗೈ ತೋರಿಸಿದೆ. ಅವರು ಒಪ್ಪಿದರು. ದೊಡ್ಡವರಲ್ಲಿ ಒಪ್ಪಿಕೊಳ್ಳುವವರು ಕಡಿಮೆ, ಅದಕ್ಕೇ ಅವರ ನೆನಪು ಇನ್ನೂ ಚೆನ್ನಾಗಿದೆ.

ಇವೆರಡೂ ಬೇರೆಯವರ ಮುಂದೆ ನಗುತ್ತ ಹೇಳಬಹುದಾದ ತಪ್ಪುಗಳು. ಮೂರನೆಯದು ಹಾಗಲ್ಲ. ಅದು ಪೂರಾ ನನ್ನದೇ ತಪ್ಪು. ಅದರಲ್ಲಿ ಒಂದು ಮಗು ಕೈ ಬಿಟ್ಟೇ ಹೋಗುತ್ತಿತ್ತು.

ಅಜ್ಜಂಪುರದಲ್ಲಿ ನನ್ನ ಮೇಲಿದ್ದ ಡಾಕ್ಟರು ಅಂಕಿಯ ಮನುಷ್ಯ. ಮಗು ಸೊರಗಿದೆ ಅಂದರೆ ಎಷ್ಟು ಸೊರಗಿದೆ ಅನ್ನುವರು, ಸುಧಾರಿಸಿದೆ ಅಂದರೆ ಎಷ್ಟು ಅನ್ನುವರು. ಆಗ ಮಕ್ಕಳನ್ನು ತೂಗುವ ಯಂತ್ರ ನಮ್ಮ ಹತ್ತಿರ ಇರಲಿಲ್ಲ. ನಾನು ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಹಳ್ಳಿಯಲ್ಲಿ ಯಾವ ಮಗುವಿಗೆ ಬಟ್ಟೆ ಇಲ್ಲದಿದ್ದರೂ ಸೊಂಟದಲ್ಲಿ ಒಂದು ಕರಿ ಉಡಿದಾರ ಇದ್ದೇ ಇರುತ್ತದೆ. ಮಗು ತೆಳ್ಳಗಾದರೆ ದಾರ ಸಡಿಲ. ದಾರಕ್ಕೂ ಮೈಗೂ ನಡುವೆ ನನ್ನ ಒಂದು ಬೆರಳು ಹೋದರೆ ಮಗು ಸರಿಯಾಗಿದೆ, ಎರಡು ಹೋದರೆ ಕಣ್ಣಿಡಬೇಕು, ಮೂರು ಹೋದರೆ ಅಪಾಯ. ತಿಂಗಳಿಗೊಮ್ಮೆ ಹಳ್ಳಿಗೆ ಹೋಗಿ ಬೆರಳು ಹಾಕಿ ನೋಡಿ ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿದ್ದೆ. ಡಾಕ್ಟರು ಮೊದಲು ಹುಬ್ಬೇರಿಸಿದರು, ಆಮೇಲೆ ಮೆಚ್ಚಿದರು. ನಾನು ಹಿಗ್ಗಿದೆ.

ಬುಕ್ಕಾಂಬುಧಿಯಲ್ಲಿ ಆ ವರ್ಷ ಮಳೆಗಾಲ ಮುಗಿಯುವಾಗ ಮಕ್ಕಳ ಸ್ಥಿತಿ ಚೆನ್ನಾಗಿರಲಿಲ್ಲ. ಎಲ್ಲೆಲ್ಲೂ ಭೇದಿ. ಹೆಚ್ಚಿನ ಮಕ್ಕಳಿಗೆ ಎರಡು ಬೆರಳು, ಒಂದಿಬ್ಬರಿಗೆ ಮೂರು. ಮೂರರವರಲ್ಲಿ ಒಬ್ಬಳು ಕೆಂಚಿ. ಮೂರು ವರ್ಷ ತುಂಬಿದ ಹುಡುಗಿ, ಬೆನ್ನಿಗೇ ಒಂದು ಗಂಡುಕೂಸು ಹುಟ್ಟಿ ತಾಯಿಯ ಹಾಲು ಅವಳಿಂದ ತಪ್ಪಿತ್ತು. ತಾಯಿ ನಿಂಗಮ್ಮ ಬಾಯಿ ಸತ್ತವಳು. ಮನೆಯ ಯಜಮಾನಿಕೆಯೆಲ್ಲ ಅತ್ತೆ ತಿಮ್ಮಜ್ಜಿಯದು. ಮಗು ಮಣ್ಣು ತಿನ್ನುತ್ತದೆ ಎಂದು ತಿಮ್ಮಜ್ಜಿ ದೂರು ಹೇಳಿದಳು. ನಾನು ಜಂತುವಿನ ಔಷಧಿ ಕೊಟ್ಟು, ಹೆಸರುಬೇಳೆ ಕಟ್ಟು, ಹುರಿಹಿಟ್ಟು, ಮಜ್ಜಿಗೆ, ಕೋಳಿಮೊಟ್ಟೆ ಎಂದು ಮನೆಮನೆಯ ಜಗಲಿಯಲ್ಲೂ ಕೂತು ಪುರಾಣ ಹೇಳಿದ ಹಾಗೆ ಹೇಳಿ ಬಂದೆ.

ಮುಂದಿನ ತಿಂಗಳು ಹೋದಾಗ ನನಗೆ ನಂಬಲಾಗಲಿಲ್ಲ. ಮೊದಲ ಮಗುವಿಗೆ ಒಂದೇ ಬೆರಳು. ಎರಡನೆಯದಕ್ಕೂ ಒಂದೇ. ಊರಿನ ಅಷ್ಟೂ ಮಕ್ಕಳಿಗೂ ಒಂದೇ ಬೆರಳು. ನನ್ನ ಪುರಾಣ ಇಷ್ಟು ಫಲ ಕೊಟ್ಟಿತಲ್ಲ ಎಂದು ಮೈಮರೆಯುವಷ್ಟು ಸಂತೋಷವಾಯಿತು. ಕೆಂಚಿಯನ್ನು ತಿಮ್ಮಜ್ಜಿ ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಮಲಗಿಸಿಕೊಂಡು ಬಂದಿದ್ದಳು. ನಿದ್ದೆ ಮಾಡುವ ಮಗುವನ್ನು ಏಕೆ ಎಬ್ಬಿಸುವುದು ಎಂದು ಕಂಬಳಿಯೊಳಗೇ ಕೈ ಹಾಕಿ ನೋಡಿದೆ. ಒಂದು ಬೆರಳು. ಮಣ್ಣು ತಿನ್ನುತ್ತಾಳೆಯೇ ಎಂದು ಕೇಳಿದೆ. ಈಗ ಮಣ್ಣನ್ನೂ ಬಿಟ್ಟಿದ್ದಾಳೆ ಎಂದಳು ಅಜ್ಜಿ. ಆ ಮಾತಿನಲ್ಲಿದ್ದ ‘ಮಣ್ಣನ್ನೂ’ ನನ್ನ ಕಿವಿಗೆ ಬೀಳಲಿಲ್ಲ. ಶಭಾಶ್ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಕಣ್ಣು ಪುಸ್ತಕದ ಮೇಲಿತ್ತು, ಬೆರಳು ಮಾತ್ರ ಮಗುವಿನ ಮೇಲಿತ್ತು. ಅಜ್ಜಂಪುರಕ್ಕೆ ಬಂದು ಒಂದು ವರದಿ ಬರೆದೆ. ಡಾಕ್ಟರು ಅದಕ್ಕೆ ತಮ್ಮದೂ ಎರಡು ವಾಕ್ಯ ಹೊಗಳಿಕೆ ಸೇರಿಸಿ ಚಿಕ್ಕಮಗಳೂರಿಗೆ ಕಳಿಸಿದರು.

ಎಂಟು ದಿನ ಕಳೆದು ಸಂತೆಯ ದಿನ ತಿಮ್ಮಜ್ಜಿ ಆಸ್ಪತ್ರೆಗೆ ಬಂದಳು. ಕೆಂಚಿಗೆ ಭೇದಿ ನಿಂತಿಲ್ಲ, ಒಂದು ಪುಡಿ ಕೊಡಬೇಕು ಎಂದಳು. ಮಗುವನ್ನು ತಂದಿರಲಿಲ್ಲ. ನಾನು ಇನ್ನೂ ಹಿಗ್ಗಿನಲ್ಲೇ ಇದ್ದೆ. ಹೋದ ವಾರ ಉಡಿದಾರ ನೋಡಿದೆನಲ್ಲ, ಒಂದೇ ಬೆರಳು ಹೋಯಿತು, ಮಗು ತುಂಬಿಕೊಂಡಿದೆ, ಹೆದರಬೇಡ ಅಂದೆ.

ಅಜ್ಜಿ ತಲೆಯಾಡಿಸಿದಳು. “ಅದು ಹೊಸಾ ದಾರ ಕಣವ್ವ. ಗ್ರಾಣ ಬಿಟ್ಮ್ಯಾಕೆ ಕಟ್ಟಿದ್ದು. ಊರ ಮಕ್ಳಿಗೆಲ್ಲಾ ಕೆರೇಲಿ ಮೀಯ್ಸಿ ಹಳೇದ ಕತ್ರಿಸಿ ಹೊಸ್ದು ಕಟ್ಟುದ್ವಲ್ಲ. ನಮ್ಮ್ ಕೆಂಚೀದು ಕತ್ರಿಸೋದೇ ಬ್ಯಾಡ್ವಾಯ್ತು. ನಿಲ್ಸಿದ್ ಕೂಡ್ಲೆ ತಾನೇ ಜಾರಿ ಕಾಲ್ತಾವ ಬಿದ್ದೋಯ್ತು.”

ಕೈಯಲ್ಲಿದ್ದ ಪುಡಿಯ ಪೊಟ್ಟಣ ಕೆಳಗಿಟ್ಟೆ. ನಾನು ಬುಕ್ಕಾಂಬುಧಿಗೆ ಹೋಗಿದ್ದಕ್ಕೆ ಹಿಂದಿನ ವಾರ ಸೂರ್ಯಗ್ರಹಣ ಹಿಡಿದಿತ್ತು. ಗ್ರಹಣ ಬಿಟ್ಟ ಮೇಲೆ ಮಿಂದು ಉಡಿದಾರ ಬದಲಿಸುವುದು ನನಗೆ ಗೊತ್ತಿಲ್ಲದ್ದೇ? ನನ್ನ ಅಣ್ಣನ ಮಕ್ಕಳಿಗೆ ನಾನೇ ಕಟ್ಟಿದ್ದೇನೆ. ಅವತ್ತು ನಾನೂ ಮಿಂದಿದ್ದೆ. ಆದರೆ ಆ ದಾರ ನನ್ನ ತಲೆಯಲ್ಲಿ ಯಾವತ್ತೋ ದಾರವಾಗಿರುವುದನ್ನು ಬಿಟ್ಟು ಅಳತೆಗೋಲಾಗಿಬಿಟ್ಟಿತ್ತು. ಹೊಸ ದಾರವನ್ನು ಯಾವ ತಾಯಿಯಾದರೂ ಒಂದು ಬೆರಳಿನಷ್ಟು ಬಿಟ್ಟೇ ಕಟ್ಟುತ್ತಾಳೆ, ಮಗು ದಪ್ಪಗಿರಲಿ ಕಡ್ಡಿಯಂತಿರಲಿ. ಇಡೀ ಊರಿನ ಮಕ್ಕಳನ್ನು ಗ್ರಹಣ ಒಂದೇ ಮಧ್ಯಾಹ್ನದಲ್ಲಿ ಸುಧಾರಿಸಿತ್ತು, ಹೊಗಳಿಸಿಕೊಂಡವಳು ನಾನು.

ಸಂತೆಗೆ ಬಂದಿದ್ದ ಗಾಡಿಯೊಂದನ್ನು ತಡೆದು ತಿಮ್ಮಜ್ಜಿಯೊಡನೆ ಹತ್ತಿಕೊಂಡೆ. ಬುಕ್ಕಾಂಬುಧಿ ಅಷ್ಟು ದೂರ ಎಂದು ನನಗೆ ಅವತ್ತೇ ಗೊತ್ತಾದದ್ದು. ಕೆಂಚಿ ನಡುಮನೆಯಲ್ಲಿ ಚಾಪೆಯ ಮೇಲಿದ್ದಳು. ಕಂಬಳಿ ತೆಗೆಸಿ, ಬೆಳಕಿಗೆ ತಂದು, ಬರಿಮೈ ನೋಡಿದೆ. ಪಕ್ಕೆಲುಬು ಒಂದೊಂದೂ ಎಣಿಸಬಹುದು. ತೊಡೆಯ ಚರ್ಮ ಜೋತುಬಿದ್ದಿತ್ತು. ಚಿವುಟಿ ಬಿಟ್ಟರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಕಣ್ಣ ಮೇಲೆ ನೊಣ ಕೂತಿದ್ದರೂ ಓಡಿಸುವಷ್ಟು ಕಸುವಿಲ್ಲ. ಸೊಂಟದಲ್ಲಿ ಮಾತ್ರ ಹೊಸ ದಾರ, ಒಂದು ಬೆರಳಿನ ಅಂತರದಲ್ಲಿ. ನನಗೆ ಅಳು ಬಂತು. ಅಳಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ಏನು ಕೊಡುತ್ತಿದ್ದೀರಿ ಎಂದು ಕೇಳಿದೆ. ಭೇದಿ ಆಗುವ ಮಗುವಿಗೆ ಏನು ಕೊಡಲು ಬರುತ್ತದೆ, ಹಾಲು ಮೊಟ್ಟೆ ಎಲ್ಲ ಬಿಡಿಸಿ, ಅಕ್ಕಿ ತೊಳೆದ ನೀರು ಕಾಯಿಸಿ ಕೊಡುತ್ತಿದ್ದೇವೆ ಎಂದಳು ಅಜ್ಜಿ. ಎಷ್ಟು ದಿನದಿಂದ? ಇಪ್ಪತ್ತು ದಿನದಿಂದ. ಮೊಮ್ಮಗಳ ಮೇಲಿನ ಪ್ರೀತಿಗೇ ಅವಳನ್ನು ಉಪವಾಸ ಕೆಡವಿದ್ದಳು. ಬೈಯುವ ಮುಖ ನನಗಿತ್ತೇ? ಅಜ್ಜಿ, ನಾನು ತಪ್ಪು ಮಾಡಿದೆ, ಹೋದ ವಾರವೇ ಇವಳನ್ನು ಕರೆದೊಯ್ಯಬೇಕಿತ್ತು ಎಂದೆ.

ತಿಮ್ಮಜ್ಜಿ ಸೆರಗಿನಿಂದ ನೊಣ ಬೀಸುತ್ತ ಹೇಳಿದಳು: “ನೀವು ದಾರ ನೋಡುದ್ರಿ, ನಾನು ಭೇದಿ ನೋಡ್ದೆ. ಇಬ್ರೂ ಮಗೀನ ನೋಡ್ಲಿಲ್ಲ ಬಿಡವ್ವ. ಈಗೇನ್ ಮಾಡ್ಬೇಕು, ಅದ್ನ ಹೇಳು.”

ನಿಂಗಮ್ಮನನ್ನೂ ಅವಳ ಕೂಸನ್ನೂ ಕೆಂಚಿಯನ್ನೂ ಅದೇ ಗಾಡಿಯಲ್ಲಿ ಅಜ್ಜಂಪುರಕ್ಕೆ ಕರೆತಂದೆ. ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ, ನನ್ನ ಮನೆಯ ಪಡಸಾಲೆಯಲ್ಲೇ ಮಲಗಿಸಿದೆ. ಡಾಕ್ಟರು ಬಂದು ನೋಡಿ ಮುಖ ಸಣ್ಣದು ಮಾಡಿದರು. ಉಳಿದರೆ ಪುಣ್ಯ ಎಂದರು. ಆಗಲೇ ನಾನು ವರದಿಯ ವಿಷಯವನ್ನೂ ಹೇಳಿಬಿಟ್ಟೆ. ಅವರು ಬೈಯುತ್ತಾರೆ, ಆ ಬೈಗುಳದಲ್ಲಿ ನನ್ನ ಮನಸ್ಸು ಸ್ವಲ್ಪ ಹಗುರವಾಗುತ್ತದೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು, “ನಾನು ಸೇರಿಸಿದ ಎರಡು ವಾಕ್ಯ ನಾನೇ ವಾಪಸು ತಗೋತೀನಿ. ನಿಮ್ಮದನ್ನ ನೀವು ಬರೀರಿ. ಮೊದಲು ಮಗೂಗೆ ನೀರು ಹಾಕಿ” ಎಂದರು.

ಮೊದಲ ಎರಡು ದಿನ ಉಪ್ಪು ಸಕ್ಕರೆ ಹಾಕಿದ ತೆಳು ಗಂಜಿ, ಚಮಚದಲ್ಲಿ, ಒಂದೊಂದೇ ಗುಟುಕು. ಹೆಚ್ಚು ಕೊಟ್ಟರೆ ವಾಂತಿ, ಬಿಟ್ಟರೆ ಬಾಯಿ ಒಣಗುತ್ತಿತ್ತು. ನಾನೂ ನಿಂಗಮ್ಮನೂ ಸರದಿಯ ಮೇಲೆ ಕೂತೆವು. ಬಾಯಿ ಸತ್ತವಳು ಎಂದುಕೊಂಡಿದ್ದ ಆ ಹುಡುಗಿ ಒಂದು ತೊಡೆಯ ಮೇಲೆ ಹಾಲು ಕುಡಿಯುವ ಮಗ, ಇನ್ನೊಂದರ ಮೇಲೆ ಮಗಳು, ಎರಡು ಕೈಯಲ್ಲೂ ಕೆಲಸ, ಒಂದು ಸಲವೂ ಸಾಕಾಯಿತು ಅನ್ನಲಿಲ್ಲ. ಮೂರನೆಯ ದಿನ ನೀರು ಬೆರೆಸಿದ ಮಜ್ಜಿಗೆ, ಆಮೇಲೆ ಹೆಸರುಬೇಳೆ ಕಟ್ಟು, ಆಮೇಲೆ ಹಾಲು. ಭೇದಿ ಹಾಲಿಗೆ ಹೆಚ್ಚಲಿಲ್ಲ, ನಿಂತಿತು. ಅದನ್ನು ನೋಡಲೆಂದೇ ತಿಮ್ಮಜ್ಜಿ ನಡೆದು ಬಂದು ಇಡೀ ದಿನ ಎದುರಿಗೆ ಕೂತಿದ್ದಳು. ಹದಿಮೂರನೆಯ ದಿನ ಕೆಂಚಿ ತೆವಳಿಕೊಂಡು ಅಂಗಳಕ್ಕಿಳಿದು ಒಂದು ಹಿಡಿ ಮಣ್ಣು ಬಾಯಿಗೆ ಹಾಕಿಕೊಂಡಳು. ನಿಂಗಮ್ಮ ಹೊಡೆಯಲು ಕೈ ಎತ್ತಿದಳು, ನಾನು ಆ ಕೈ ಹಿಡಿದುಕೊಂಡು, ಹಸಿವು ತಿರುಗಿ ಬಂತಲ್ಲ ಎಂದು ನಕ್ಕೆ. ಬಾಯಿ ತೊಳೆಸಿ ಆ ಜಾಗಕ್ಕೆ ಬೆಲ್ಲ ಬೆರೆಸಿದ ಹುರಿಹಿಟ್ಟು ಇಟ್ಟೆವು.

ನಡುವೆ ಒಂದು ದಿನ ಡಾಕ್ಟರೂ ನಾನೂ ಬುಕ್ಕಾಂಬುಧಿಗೆ ಹೋಗಿ ಪ್ರತಿ ಮಗುವಿನ ಅಂಗಿ ಕಂಬಳಿ ತೆಗೆಸಿ ನೋಡಿದೆವು. ಇನ್ನೂ ಇಬ್ಬರು ಕೆಂಚಿಯ ದಾರಿಯಲ್ಲೇ ಇದ್ದರು, ಬೇಗ ಸಿಕ್ಕಿದ್ದರಿಂದ ಬೇಗ ಎದ್ದರು. ಅಲ್ಲಿಂದ ಮುಂದೆ ಡಾಕ್ಟರು ಮಂಡಿಯವರಿಂದ ಒಂದು ತಕ್ಕಡಿ ಕೇಳಿ ತಂದರು. ಮಗುವನ್ನು ತೂಕದ ಕಲ್ಲಿನೆದುರು ತೂಗಿದರೆ ದೃಷ್ಟಿ ತಾಗುತ್ತದೆ, ಏಳಿಗೆ ನಿಲ್ಲುತ್ತದೆ ಎಂದು ತಾಯಂದಿರು ಬಾಗಿಲು ಹಾಕಿಕೊಂಡರು. ಕಲ್ಲು ಬೇಡ, ನಿಮ್ಮ ಮನೆಯ ರಾಗಿಯಲ್ಲೇ ತೂಗೋಣ, ದೇವರಿಗೆ ತುಲಾಭಾರ ಮಾಡಿದ ಹಾಗೆ ಅಂದೆ. ಮಗು ಒಂದು ತಟ್ಟೆಯಲ್ಲಿ, ರಾಗಿಮೂಟೆ ಇನ್ನೊಂದರಲ್ಲಿ. ಮಗು ಮನೆಯೊಳಗೆ ಹೋದ ಮೇಲೆ ರಾಗಿಯನ್ನು ಕಲ್ಲಿನಿಂದ ತೂಗಿ ಬರೆದುಕೊಳ್ಳುವುದು. ರಾಗಿಗೆ ದೃಷ್ಟಿ ತಾಗಿದರೆ ಮುದ್ದೆಗೇನೂ ಕೆಡುಕಿಲ್ಲವಲ್ಲ. ತಕ್ಕಡಿ ಬಂದ ಮೇಲೂ ಮಗುವಿನ ಮೈಯನ್ನು ಬೆಳಕಿನಲ್ಲಿ ನೋಡದೆ ನಾನು ಒಂದಕ್ಷರ ಬರೆಯಲಿಲ್ಲ. ನಾಳೆ ಇನ್ನೂ ಒಳ್ಳೆಯ ಯಂತ್ರಗಳು ಬರುತ್ತವೆ, ಬರಲಿ. ಯಂತ್ರ ನೋಡಿದ್ದನ್ನು ಬರೆಯುವ ಮುಂಚೆ ಮಗುವಿನ ಮುಖ ನೋಡಿ.

ಕೆಂಚಿ ಊರಿಗೆ ಹೋಗಿ ನಾಲ್ಕೈದು ತಿಂಗಳಾಗಿರಬೇಕು. ಬಿಸಿಲೇರುವ ಹೊತ್ತಿಗೆ ತಿಮ್ಮಜ್ಜಿ ಅವಳನ್ನು ನಡೆಸಿಕೊಂಡು ಆಸ್ಪತ್ರೆಗೆ ಬಂದಳು. ಅರ್ಧ ದಾರಿ ಎತ್ತಿಕೊಳ್ಳುತ್ತೇನೆಂದರೂ ಕೇಳದೆ ನಡೆದೇ ಬಂದಿದ್ದಾಳೆ ಎಂದು ದೂರಿದಳು. ಏನು ಕಾಯಿಲೆ ಎಂದೆ. “ಕಾಯ್ಲೆ ಏನಿಲ್ಲ ಕಣವ್ವ. ದಾರ ಮೈಗೆ ಕಚ್ಕಂಡೈತೆ, ನೋಯ್ತದೆ ಅಂತಾಳೆ. ಕತ್ರಿಸಿ ಬ್ಯಾರೇದು ಕಟ್ಟವ್ವ. ಗ್ರಾಣ ಗೀಣ ಏನಿಲ್ದೆ ನಾನು ಕತ್ರಿಸ್ಬಾರ್ದು, ಅದಿಕ್ಕೇ ನಿಮ್ತಾವ ಬಂದೆ.”

ಅಂಗಿ ಎತ್ತಿ ನೋಡಿದೆ. ಗ್ರಹಣದ ದಿನ ಕಟ್ಟಿದ ಅದೇ ದಾರ. ಅದರ ಮೇಲೂ ಕೆಳಗೂ ಮೈ ಉಬ್ಬಿ ದಾರವೇ ಕಾಣುತ್ತಿರಲಿಲ್ಲ. ಕತ್ತರಿ ತೂರಿಸಲು ಮೊದಲು ಬೆರಳು ಹಾಕಿ ಬಿಡಿಸಬೇಕಿತ್ತು. ಕಿರುಬೆರಳೂ ಹೋಗಲಿಲ್ಲ. ಸ್ವಲ್ಪ ಒತ್ತಿ ತುರುಕಿದೆ. ಕೆಂಚಿ ತಲೆ ಬಗ್ಗಿಸಿ ನನ್ನ ಇನ್ನೊಂದು ಕೈಯನ್ನು ಕಚ್ಚಿ ಹಿಡಿದಳು. ಅಜ್ಜಿ ಬೆನ್ನಿಗೆರಡು ಬಿಟ್ಟರೂ ಬಿಡಲಿಲ್ಲ. ದಾರ ತುಂಡಾಗಿ ಕೆಳಗೆ ಬಿದ್ದ ಮೇಲೇ ಬಿಟ್ಟದ್ದು.

ಗಲಾಟೆ ಕೇಳಿ ಡಾಕ್ಟರು ಒಳಗಿನಿಂದ ಬಂದರು. ನನ್ನ ಕೈ ಹಿಡಿದು ನೋಡಿದರು. ಮೇಲೊಂದು ಸಾಲು ಹಲ್ಲು, ಕೆಳಗೊಂದು ಸಾಲು, ಒಂದೂ ತಪ್ಪದೆ ಮೂಡಿದ್ದವು. ಟಿಂಕ್ಚರ್ ಹಚ್ಚಲೇ ಎಂದು ಕೇಳಿದರು. ರಕ್ತ ಬಂದಿಲ್ಲ, ಏನೂ ಬೇಡ ಎಂದೆ. ಆ ಗುರುತು ಮೂರು ದಿನ ಹಾಗೇ ಇತ್ತು. ಮೂರು ದಿನವೂ ಅದನ್ನು ನೋಡಿಕೊಂಡೇ ಕೆಲಸ ಮಾಡಿದೆ.